ಕಂಡದ್ದನ್ನು ಬರೆಯಲು ಮಕ್ಕಳಿಗೆ ಕಲಿಸೋಣ



ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಬಡಾವಣೆಯ ಹತ್ತು ಹನ್ನೆರಡು ಮಕ್ಕಳಿಗೆ ವಚನ ಹೇಳಿಕೊಡುತ್ತೇನೆ. ಈಚೆಗೆ ಒಂದು ದಿನ ಕಾಯಕದ ವಚನಗಳನ್ನು ಹಾಡಿಸಿ, 'ನನ್ನ ತಂದೆ' ಎಂಬ ವಿಷಯದ ಮೇಲೆ ಒಂದು ಪುಟ ಬರೆಯಿರಿ ಎಂದೆ. ಎಂಟನೆಯ ತರಗತಿಯ ಹುಡುಗನೊಬ್ಬ, ತನ್ನ ತಂದೆ ದಿನವೂ ಕಚೇರಿಗೆ ಹೋಗುತ್ತಾರೆ, ಸಂಜೆ ಪತ್ರಿಕೆ ಓದುತ್ತಾರೆ ಎಂದು ಬರೆದ. ಅವನ ತಂದೆ ನಮ್ಮ ರಸ್ತೆಯ ಮೂಲೆಯಲ್ಲಿ ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟುಕೊಂಡವರು. ನನ್ನ ಅಂಗಿಗಳೂ ಅವರ ಕೈಯಿಂದಲೇ ಬರುತ್ತವೆ.

"ಯಾಕಪ್ಪಾ ಹೀಗೆ ಬರೆದೆ?" ಎಂದೆ.

"ಗೈಡಲ್ಲಿ ಹೀಗೇ ಇದೆ ಸರ್. ಇದಕ್ಕೆ ಫುಲ್ ಮಾರ್ಕ್ಸ್ ಬರುತ್ತೆ."

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಸರ್ಕಾರಿ ಎಂಜಿನಿಯರ್ ಆಗಿ ನಾನೂ ಎಷ್ಟೋ ವರದಿಗಳಲ್ಲಿ 'ಕಾಮಗಾರಿ ತೃಪ್ತಿಕರವಾಗಿದೆ' ಎಂಬ ಸಾಲನ್ನು ಹಿಂದಿನ ಕಡತದಿಂದ ಇಳಿಸಿದ್ದೇನೆ. ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ಆಳ ಬರೆಯುವಾಗ ಸುಳ್ಳು ಹೇಳುವುದು ಕಷ್ಟ. 'ತೃಪ್ತಿಕರ' ಎನ್ನುವಾಗ ಬಲು ಸುಲಭ. ವರ್ಣನೆ ಎಂದರೆ ಅಲಂಕಾರ ಎಂದು ಶಾಲೆಯಲ್ಲಿ ಕಲಿತೆವು. ಅದು ಸತ್ಯದ ಕೆಲಸ ಎಂದು ಯಾರೂ ಹೇಳಲಿಲ್ಲ.

ಶರಣರು ಅದನ್ನು ಮಾಡಿ ತೋರಿಸಿದ್ದರು. ಕದಿರೆ ರೆಮ್ಮವ್ವೆ ತಾನು ತಿರುಗಿಸುವ ರಾಟೆಯ ಒಂದೊಂದು ಭಾಗವನ್ನೂ ಹೆಸರಿಸಿ, ಅದರಲ್ಲೇ ಅನುಭಾವ ಕಂಡರು. ಚೌಡಯ್ಯನವರು 'ಅಂಬಿಗರ ಚೌಡಯ್ಯ' ಎಂದೇ ಅಂಕಿತವಿಟ್ಟು ಹುಟ್ಟು ಹಾಕುವ ಕಾಯಕವನ್ನು ಮೆರೆಸಿದರು. ಮಾಚಿದೇವರು ಮಡಿವಾಳರೆಂದೇ ಪೂಜ್ಯರಾದರು. ಇವರ ಮಾತು ಓಲೆಗರಿಗಳಲ್ಲಿ ಉಳಿಯದಿದ್ದರೆ 1923ರಲ್ಲಿ ಫ.ಗು. ಹಳಕಟ್ಟಿಯವರು 'ವಚನಶಾಸ್ತ್ರ ಸಾರ' ಹೊರತರಲು ಏನಿರುತ್ತಿತ್ತು? ಗೈಡಿನ ಪ್ರಬಂಧ ಮಗುವಿಗೆ ತನ್ನ ಮನೆಯ ಬಗ್ಗೆ ನಾಚಿಕೆ ಕಲಿಸುತ್ತದೆ. ಆ ನಾಚಿಕೆ ಕಳೆಯಲೆಂದೇ ಬಸವಣ್ಣನವರು ಕಾಯಕಜೀವಿಗಳನ್ನು ಒಟ್ಟುಗೂಡಿಸಿದ್ದು.

ಶಿಕ್ಷಕರನ್ನಷ್ಟೇ ದೂರಿ ಫಲವಿಲ್ಲ. ಪರೀಕ್ಷೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಕೇಳುತ್ತದೆ. ಆ ಚೌಕಟ್ಟು ಇರಲಿ, ಒಳಗಿನ ಸರಕು ಮಗುವಿನದಾಗಲಿ.

ಮರುವಾರ ಹುಡುಗನ ಕೈಗೆ ನೋಟ್‌ಬುಕ್ ಕೊಟ್ಟು ಗಾಡಿಯ ಬಳಿಗೇ ಕಳಿಸಿದೆ. ಅರ್ಧ ಗಂಟೆ ಸುಮ್ಮನೆ ನೋಡಬೇಕು. ಎಣಿಸಬೇಕು, ಗೊತ್ತಿಲ್ಲದ್ದನ್ನು ಕೇಳಬೇಕು. 'ಸುಂದರ', 'ರಮಣೀಯ', 'ಅತ್ಯಂತ' ಎಂಬ ಮಾತು ಕೂಡದು. ಅವನು ಬರೆದು ತಂದದ್ದು ಇಷ್ಟು: ಇದ್ದಿಲು ತುಂಬಿದ ಪೆಟ್ಟಿಗೆಯನ್ನು ಅವನು ಎರಡು ಕೈಯಲ್ಲಿ ಎತ್ತಬೇಕು, ಅಪ್ಪ ಒಂದೇ ಕೈಯಲ್ಲಿ ಎತ್ತುತ್ತಾರೆ. ಮೊದಲು ಕಾಲರ್, ಆಮೇಲೆ ತೋಳು, ಕೊನೆಗೆ ಬೆನ್ನು. ಕಾವು ಹೆಚ್ಚಾದರೆ ಒದ್ದೆ ಬಟ್ಟೆಯ ಮೇಲೆ ಒಮ್ಮೆ ಎಳೆಯುತ್ತಾರೆ. ಬಲಗೈ ಹೆಬ್ಬೆರಳ ಬುಡದಲ್ಲಿ ಹಳೆಯ ಸುಟ್ಟ ಕಲೆ ಇದೆ.

"ಆ ಕಲೆ ನಾನು ಯಾವತ್ತೂ ನೋಡಿರಲಿಲ್ಲ ಸರ್," ಎಂದ. ವರ್ಷಗಳಿಂದ ಅದೇ ಕೈಯಿಂದ ಬಟ್ಟೆ ತೆಗೆದುಕೊಂಡ ನಾನೂ ನೋಡಿರಲಿಲ್ಲ.

ಸಿದ್ಧಗಂಗೆ, ಸುತ್ತೂರು, ಸಿರಿಗೆರೆ ಮೊದಲಾದ ಮಠಗಳ ಶಾಲೆ, ಪ್ರಸಾದ ನಿಲಯಗಳಲ್ಲಿ ರೈತರ, ಕೂಲಿಕಾರರ ಮಕ್ಕಳು ಓದುತ್ತಿದ್ದಾರೆ. ಪೂಜ್ಯರಲ್ಲಿ ನನ್ನದೊಂದು ಬಿನ್ನಹ. ಬಸವ ಜಯಂತಿಗೆ ಕಂಠಪಾಠದ ಭಾಷಣ ಸ್ಪರ್ಧೆಯ ಜೊತೆಗೆ ಈ ಬರವಣಿಗೆಯೂ ಇರಲಿ. ಮಗು ರಜೆಗೆ ಊರಿಗೆ ಹೋದಾಗ ತನ್ನ ಮನೆಯ ಕಾಯಕವನ್ನು ಕೂತು ನೋಡಿ, ಒಂದು ಪುಟ ಬರೆದು ತರಲಿ. ಬಹುಮಾನಿತ ಬರಹವನ್ನು ತಂದೆತಾಯಿಯ ಎದುರಿಗೇ, ಸಭೆಯಲ್ಲಿ ಓದಿಸಲಿ.