ನೀರಿಳಿದ ಮೇಲಿನ ದಡ

ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರನ್ನು ಕಂಡವರು ಬಲ್ಲರು: ನೀರು ಇಳಿಯಿತೆಂದು ದಡಗಳು ಹತ್ತಿರ ಸರಿಯುವುದಿಲ್ಲ. ದೇಹದ ರೀತಿಯೂ ಅದೇ. ಜಠರದ ಶಸ್ತ್ರಚಿಕಿತ್ಸೆಯಿಂದ ತೂಕ ಬಹಳವಾಗಿ ಇಳಿದರೂ, ವರ್ಷಗಟ್ಟಲೆ ಹಿಗ್ಗಿದ ಚರ್ಮವು ಹಿಂದಿನಂತೆ ಕುಗ್ಗದು. ಜೋತುಬಿದ್ದ ಮಡಿಕೆಗಳಲ್ಲಿ ಬೆವರು ನಿಂತು, ಮಲೆನಾಡಿನ ಮಳೆಗಾಲದ ತೇವವೂ ಸೇರಿ, ಸೋಂಕೂ ಹುಣ್ಣೂ ಮರಮರಳಿ ಬರುವುದುಂಟು.

ಈ ಚರ್ಮವನ್ನು ತೆಗೆಸಲು ಆರೋಗ್ಯವಿಮೆಯ ಹಣ ದೊರೆತೀತೆ? “ಇದು ಸೌಂದರ್ಯ ಚಿಕಿತ್ಸೆ, ದೊರೆಯದು” ಎಂಬುದೇ ಸಾಮಾನ್ಯವಾಗಿ ಬರುವ ಮೊದಲ ಉತ್ತರ. ಅದು ಕೊನೆಯ ಉತ್ತರವಾಗಬೇಕಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಗೊತ್ತುಪಡಿಸಿದ ಷರತ್ತು ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಯನ್ನು ಹೊರಗಿಡುತ್ತದೆ, ನಿಜ. ಆದರೆ ಆರೋಗ್ಯಕ್ಕೆ ನೇರವೂ ತತ್‌ಕ್ಷಣದ್ದೂ ಆದ ಅಪಾಯವನ್ನು ನೀಗಿಸಲು ಅವಶ್ಯವೆಂದು ವೈದ್ಯರು ಪ್ರಮಾಣೀಕರಿಸಿದ ಚಿಕಿತ್ಸೆಗೆ ಅದೇ ಷರತ್ತು ವಿನಾಯಿತಿ ಕೊಡುತ್ತದೆ.

ಆದುದರಿಂದ ಅರ್ಜಿಯಲ್ಲಿ ಅಂದಚಂದದ ಮಾತು ಬೇಡ, ಹುಣ್ಣಿನ ಮಾತಿರಲಿ. ವೈದ್ಯರ ಪ್ರತಿಯೊಂದು ಚೀಟಿ, ಔಷಧಿಯ ರಸೀದಿ, ದಿನಾಂಕವುಳ್ಳ ಛಾಯಾಚಿತ್ರ, ಔಷಧಿ ಫಲಿಸಲಿಲ್ಲವೆಂಬ ವೈದ್ಯರ ಬರಹ, ಇವನ್ನು ಕೂಡಿಸಿಡಿ. ಶಸ್ತ್ರಚಿಕಿತ್ಸೆಗೆ ಮುನ್ನವೇ ಅನುಮತಿ ಕೇಳಿ. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಪಡೆದು, ಕಂಪೆನಿಗೇ ಲಿಖಿತ ದೂರು ಕೊಡಿ. ತಿಂಗಳೊಳಗೆ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ನರ ಮೊರೆಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಗೆಲುವು ಖಂಡಿತವೆಂದು ಯಾರೂ ಹೇಳಲಾರರು. ಆದರೆ 1964ರ ಅಣೆಕಟ್ಟಿಗೆ ಮನೆಮಠ ಬಿಟ್ಟುಕೊಟ್ಟ ಶರಾವತಿ ಸೀಮೆಯವರಿಗೆ ಇದನ್ನು ಕಲಿಸಬೇಕಿಲ್ಲ: ನಷ್ಟವು ನಿಜವಾಗಿದ್ದರೆ ಸಾಲದು, ಕಾಗದದ ಮೇಲೂ ಇರಬೇಕು.