ನೊಂದವರ ಗೋಷ್ಠಿಯಲ್ಲಿ ವಾದ

ಮನೋವ್ಯಾಧಿಗ್ರಸ್ತರ ಬಂಧುಗಳು ಒಂದೆಡೆ ಕಲೆತು ಸುಖದುಃಖಗಳನ್ನು ಹೇಳಿಕೊಳ್ಳುವುದು ಹಿತಕರವೆಂಬುದರಲ್ಲಿ ಸಂದೇಹವಿಲ್ಲ. ಮಾಗಡಿಯಿಂದಲೋ ಕನಕಪುರದಿಂದಲೋ ರೋಗಿಯನ್ನು ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಕರೆದೊಯ್ದವರು ಸರದಿಗಾಗಿ ಕಾದು ಕುಳಿತಾಗ ಇಂತಹ ಗೋಷ್ಠಿಯು ತಾನಾಗಿಯೇ ಏರ್ಪಡುವುದುಂಟು. ಆದರೆ ಹತ್ತು ಮಂದಿ ಸೇರಿದಲ್ಲಿ ಭಿನ್ನಾಭಿಪ್ರಾಯವೂ ಸೇರುವುದಷ್ಟೆ. ತಾಯಿಯೊಬ್ಬಳು, "ಮಾತ್ರೆ ನುಂಗಿದಂದಿನಿಂದ ಮಗನು ಮಂಪರಿನಲ್ಲಿಯೇ ಇರುವನು, ನಿಲ್ಲಿಸಿಬಿಡೋಣವೆನಿಸಿದೆ" ಎನ್ನುವಳು. ಕೂಡಲೇ ಒಬ್ಬನು, "ಮಗನನ್ನು ನೀವೇ ಕೈಯಾರೆ ಕೆಡಿಸುತ್ತೀರಿ" ಎಂದು ಗದರುವನು. ಮತ್ತೊಬ್ಬನು ಹರಕೆಯ ಮಾತನ್ನೆತ್ತುವನು, ಮೂರನೆಯವನು ನಗುವನು. ಆ ತಾಯಿಯು ಮತ್ತೆ ಅತ್ತ ಸುಳಿಯುವುದಿಲ್ಲ. ಮಾತ್ರೆಯೂ ನಿಂತುಹೋಗುವುದು.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ವೈದ್ಯರ ಚರ್ಚೆಯನ್ನು ಎರಡು ಬಗೆಯಾಗಿ ವಿಂಗಡಿಸಿದೆ: ಸ್ನೇಹದಿಂದ ಕೂಡಿ ಆಡುವ ಸಂಧಾಯ ಸಂಭಾಷೆ, ಜಗಳಕ್ಕೆ ನಿಂತು ಆಡುವ ವಿಗೃಹ್ಯ ಸಂಭಾಷೆ. ಎದುರಾಳಿಯನ್ನು ಸೋಲಿಸುವ ಉಪಾಯಗಳನ್ನೂ ಗ್ರಂಥಕಾರನು ಹೇಳದೆ ಬಿಟ್ಟಿಲ್ಲ. ಅವು ಪಂಡಿತರ ಸಭೆಗೆ ಸಲ್ಲತಕ್ಕವು (ಅಲ್ಲಿಯೂ ಎಷ್ಟರಮಟ್ಟಿಗೆ ಸಲ್ಲುವುವೋ!), ನೊಂದವರ ನಡುವೆ ಸಲ್ಲವು.

ಅಮೆರಿಕಾ ದೇಶದಲ್ಲಿ 1935ರಲ್ಲಿ ಆರಂಭವಾಗಿ ಈಗ ನಮ್ಮಲ್ಲಿಯೂ ನಡೆಯುತ್ತಿರುವ ಮದ್ಯವ್ಯಸನಿಗಳ ಅನಾಮಿಕ ಕೂಟದ ಅನೇಕ ಸಭೆಗಳಲ್ಲಿ, ಒಬ್ಬನು ಮಾತನಾಡುವಾಗ ಉಳಿದವರು ನಡುವೆ ಬಾಯಿ ಹಾಕುವಂತಿಲ್ಲ. ಪರರಿಗೆ ಉಪದೇಶಿಸದೆ ಸ್ವಾನುಭವವನ್ನಷ್ಟೆ ಹೇಳತಕ್ಕದ್ದು. "ನಿಮ್ಮ ಮಗ" ಎಂದು ತೊಡಗದೆ "ನಮ್ಮ ಹುಡುಗನಿಗೆ ಹೀಗಾಯಿತು" ಎಂದು ತೊಡಗಿದರೆ ಅರ್ಧ ಜಗಳವು ಹುಟ್ಟುವುದೇ ಇಲ್ಲ.

ಹಾಗೆಂದು ಎಲ್ಲಕ್ಕೂ ಮೌನವು ತಕ್ಕುದಲ್ಲ. ಮಾತ್ರೆಯನ್ನು ಥಟ್ಟನೆ ಬಿಟ್ಟರೆ ವ್ಯಾಧಿಯು ಮರುಕಳಿಸುವ ಭಯವುಂಟು. ಮಂಪರಾದರೆ ಪ್ರಮಾಣವನ್ನು ಬದಲಿಸುವುದು ವೈದ್ಯರ ಕೆಲಸ. ಹಿರಿಯರೊಬ್ಬರು ಆಕೆಯನ್ನು ಪಕ್ಕಕ್ಕೆ ಕರೆದು, "ನೋಡು ತಾಯಿ, ಈ ಮಂಪರಿನ ಸಂಗತಿಯನ್ನು ಡಾಕ್ಟರಿಗೆ ಹೇಳು; ಅವರು ಹೇಳುವವರೆಗೆ ನಿಲ್ಲಿಸಬೇಡ" ಎಂದರೆ ಸಾಕು. ಹರಕೆಯನ್ನು ಹಳಿಯಬೇಕಾದುದಿಲ್ಲ, ಮಾತ್ರೆಯ ಜೊತೆಗೇ ಅದೂ ನಡೆಯಲಿ. ಆದರೆ ರೋಗಿಯನ್ನು ಸರಪಳಿಯಿಂದ ಬಿಗಿಯಬೇಕೆನ್ನುವವನಿದ್ದರೆ ಎದುರಿಗೇ ಖಂಡಿಸತಕ್ಕದ್ದು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಅದನ್ನು ನಿಷೇಧಿಸಿರುವುದು. ಯಾರಾದರೂ ಪ್ರಾಣತ್ಯಾಗದ ಮಾತನ್ನಾಡಿದರಂತೂ ವಾದವನ್ನೆಲ್ಲ ಅಲ್ಲಿಗೇ ಬಿಟ್ಟು, ಅವರನ್ನು ಒಂಟಿಯಾಗಿ ಬಿಡದೆ, ವೈದ್ಯರಿಗೆ ತಿಳಿಸಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿಯಲ್ಲಿ (14416) ಹಗಲಿರುಳೂ ಕನ್ನಡದಲ್ಲಿ ಸಲಹೆ ದೊರೆಯುವುದು.

ಇನ್ನೊಂದು ಮಾತು. ಚನ್ನಪಟ್ಟಣದಲ್ಲಿ ಬೆಳಗ್ಗೆ ಆಡಿದ್ದು ಸಂಜೆಯೊಳಗೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಮುಟ್ಟೀತು. ರೋಗಿಯ ತಂಗಿಗೆ ಕೂಡಿಬಂದ ಸಂಬಂಧವು ಅಷ್ಟರಿಂದಲೇ ಮುರಿದೀತು. ರೋಗಿಯ ಗುಟ್ಟನ್ನು ಚಿಕಿತ್ಸಕರು ಕಾಪಾಡತಕ್ಕದ್ದೆಂದು ಅದೇ ಕಾಯಿದೆಯು ವಿಧಿಸಿದೆ. ವಾದದಲ್ಲಿ ಸೋತು ಕೋಪದಿಂದ ಮನೆಗೆ ಹೊರಟವನ ನಾಲಗೆಯನ್ನು ಮಾತ್ರ ಯಾವ ಕಾಯಿದೆಯೂ ಹಿಡಿಯಲಾರದು.