ಹಿತ್ತಲ ಮರವೂ ಕಾಯಕದ ಅರಿವೂ

ಉಮ್ಮತ್ತೂರಿನಂಥ ಊರಿನಲ್ಲಿ ಹಿತ್ತಲ ಹುಣಸೆ ಸೂರಿನ ಮೇಲೆ ವಾಲಿದರೆ, ಇಂದು ಗೃಹಸ್ಥನಿಗೆ ಮೊದಲು ಹೊಳೆಯುವುದು ಬಾಡಿಗೆಯ ಚೈನ್ ಸಾ. ಕೂಲಿ ಉಳಿಯುವುದು ನಿಜ. ಆದರೆ ಜೀವ ಉಳಿಯುವುದೇ ಎಂಬುದು ಮೊದಲ ಪ್ರಶ್ನೆಯಾಗಬೇಕು.

ಓಡುತ್ತಿರುವ ಗರಗಸದ ತುದಿಯ ಮೇಲ್ಭಾಗ ಕೊಂಬೆಗೆ ತಗುಲಿದರೆ, ಅದು ಕ್ಷಣಾರ್ಧದಲ್ಲಿ ಹಿಡಿದವನ ಮುಖದತ್ತ ಚಿಮ್ಮುತ್ತದೆ. ವಾಲಿದ ಕಾಂಡ ಅರ್ಧ ಕೊಯ್ದಾಗಲೇ ಉದ್ದಕ್ಕೆ ಸೀಳಿ ಹಿಂದಕ್ಕೆ ಬಡಿಯಬಹುದು. ಬೀಳುವ ದಿಕ್ಕಿಗೆ ಕಚ್ಚು ಕೊಟ್ಟು, ಹಿಂದಿನಿಂದ ಕೊಯ್ಯುತ್ತಾ ನಡುವೆ ತುಸು ಮರವನ್ನು ಕೀಲಿನಂತೆ ಉಳಿಸುವುದು ಅನುಭವದಿಂದ ಬರುವ ವಿದ್ಯೆ. ತಂತಿ ಸಮೀಪವಿದ್ದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ತಿಳಿಸದೆ ಮುಟ್ಟಲಾಗದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವೂ ಇದೆ: ತೆಂಗು, ಸರ್ವೆಗಳಂಥವಕ್ಕೆ ವಿನಾಯಿತಿಯುಂಟು, ಉಳಿದವಕ್ಕೆ ಅನುಮತಿ ಬೇಕೇ ಎಂಬುದನ್ನು ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲೇ ಕೇಳಿ ತಿಳಿಯಬೇಕು.

ಅರಸೊತ್ತಿಗೆ ತೊರೆದು ಕಟ್ಟಿಗೆ ಮಾರಿ ಬದುಕಿದರೆಂದು ಪರಂಪರೆ ಹೇಳುವ ಮೋಳಿಗೆ ಮಾರಯ್ಯನವರು ಮರದ ಕೆಲಸಕ್ಕೂ ಕಾಯಕದ ಘನತೆ ತಂದರು. ಕಾಯಕವೆಂದ ಮೇಲೆ ಅದಕ್ಕೊಂದು ಅರಿವು ಬೇಕು. ನೆಲದ ಮೇಲೆ ನಿಂತು ಕೈಗೆಟುಕುವ ರೆಂಬೆಯನ್ನು ಮಚ್ಚಿನಿಂದ ಸವರುವುದು ಮನೆಯವನಿಂದಾದೀತು. ಸೂರು, ತಂತಿಗಳ ನಡುವೆ ಮರವನ್ನು ಉರುಳಿಸುವುದು ಬಲ್ಲವನ ಕಾಯಕ. ಅವನಿಗೆ ಸಲ್ಲುವ ಕೂಲಿಯನ್ನು ದುಂದೆಂದು ಬಗೆಯುವುದು ಸಲ್ಲದು.